ಟೆನರ್ ಸಾಲಿನ ಗೌನು

ಜನವರಿ 26, ಸೋಮವಾರ. ಬೆಳಗ್ಗೆ

ನಸುಕಿನ ಪ್ರಾರ್ಥನೆ ಮುಗಿಸಿ ಬಂದೆ. ಬೆರಳುಗಳು ಇನ್ನೂ ಮರಗಟ್ಟಿವೆ. ಹೀಟರ್ ಯಾವಾಗಲೂ ಪಾಸ್ಟರ್ ಆದ ಅಪ್ಪನ ಪೀಠದ ಕಡೆಗೇ ತಿರುಗಿರುತ್ತದೆ, ಪಿಯಾನೊ ಕಡೆಗಲ್ಲ. ಎಷ್ಟು ಸಲ ಹೇಳಿದರೂ ಅಷ್ಟೆ. ಎರಡನೇ ಮಹಡಿಯ ಬಿಲಿಯರ್ಡ್ಸ್‌ನವರು ಆಗಷ್ಟೇ ಶಟರ್ ಎಳೆಯುತ್ತಿದ್ದರು. ನೆಲಮಹಡಿಯಲ್ಲಿ ಕೋಳಿ ಕರಿದ ಎಣ್ಣೆಯ ವಾಸನೆ ಮೂರನೇ ಮಹಡಿಯ ನಮ್ಮ ಚರ್ಚ್ ಸಭೆಯವರೆಗೂ. ದೇವರಿಗೆ ಅಭ್ಯಾಸವಾಗಿರಬೇಕು.

ಬಂದವರು ಏಳೆಂಟು ಜನ. ಅಪ್ಪ ಕಣ್ಣು ಮುಚ್ಚಿ ಪ್ರಾರ್ಥಿಸಿದರು — "ನನ್ನ ಮಗ ಹಾನ್‌ಗ್ಯೊಲ್‌ನನ್ನು ನಿದ್ದೆಯಲ್ಲೇ, ನೋವಿಲ್ಲದೆ ಕರೆದುಕೊಂಡೆಯಲ್ಲ, ನಿನಗೆ ಸ್ತೋತ್ರ." ಬಾಂಗ್ ಅಮ್ಮನವರು ಜೋರಾಗಿ ಅತ್ತರು. ಸಭೆಯ ಹಾಡುಗಾರರ ತಂಡ, ಕ್ವಾಯರ್, ನೋಡಿಕೊಳ್ಳುವವರು ಅವರೇ. ನನ್ನ ತಮ್ಮ ಹಾನ್‌ಗ್ಯೊಲ್ ಅದರಲ್ಲಿ ಟೆನರ್, ಗಂಡಸರ ಎತ್ತರದ ದನಿಯ ಸಾಲು, ಹಾಡುತ್ತಿದ್ದ.

ನಿದ್ದೆಯಲ್ಲೇ. ಹೃದಯ ನಿಂತು. ಆಸ್ಪತ್ರೆಯ ಕಾರಿಡಾರಿನಲ್ಲೇ ಅಪ್ಪ ಹಾಗಂತ ತೀರ್ಮಾನ ಮಾಡಿಬಿಟ್ಟರು. ನಾನೂ ಅಮ್ಮನೂ ತಲೆ ಆಡಿಸಿದೆವು. ಹಾನ್‌ಗ್ಯೊಲ್ ತನ್ನ ಜೀವ ತಾನೇ ತೆಗೆದುಕೊಂಡ. ಮೂವತ್ತೆರಡು ವರ್ಷ. ಇಲ್ಲಿ ಬರೆಯಬಹುದು, ಇದನ್ನು ಯಾರೂ ಓದುವುದಿಲ್ಲ.

ಚಿಕ್ಕವರಿದ್ದಾಗ ನಮ್ಮ ಬೀದಿಯಲ್ಲೊಬ್ಬಳು ಹುಡುಗಿ ಹೀಗೇ ಹೋದಳು. ಆ ಭಾನುವಾರ ಅಪ್ಪ ಪೀಠ ಗುದ್ದಿ ಹೇಳಿದ್ದರು: ದೇವರು ಕೊಟ್ಟ ಪ್ರಾಣವನ್ನು ತಾವೇ ತೆಗೆದುಕೊಂಡವರಿಗೆ ಪರಲೋಕದ ಬಾಗಿಲು ತೆರೆಯುವುದಿಲ್ಲ. ಪಾಸ್ಟರ್ ಮಕ್ಕಳು ನಾವು, ಮುಂದಿನ ಸಾಲಿನಲ್ಲಿ. ಮನೆಗೆ ಹೋಗುವಾಗ ತಮ್ಮ ಕೇಳಿದ — "ಅಕ್ಕಾ, ಬಾಗಿಲಿಗೆ ಬೀಗ ಹಾಕೋದು ಯಾರು?" "ಸುಮ್ನೆ ನಡಿ" ಅಂದೆ.

ನನಗೆ ನಂಬಿಕೆ ಹೋಗಿ ಬಹಳ ವರ್ಷವಾಯಿತು. ನನ್ನ ಹೆಸರು ಚಾನ್‌ಮಿ, ಅಂದರೆ ಸ್ತುತಿ — ಹೆಸರು ಮಾತ್ರ ಉಳಿದಿದೆ. ಪಿಯಾನೊ ನುಡಿಸುವವರು ಬೇರೆ ಯಾರೂ ಇಲ್ಲ ಅಂತ ನುಡಿಸುತ್ತೇನೆ. ಹತ್ತು ಗಂಟೆಗೆ ಪಿಯಾನೊ ಟ್ಯೂಶನ್ ಮಕ್ಕಳು ಬರುತ್ತವೆ. ಮಲಗಬೇಕು.


ಜನವರಿ 29, ಗುರುವಾರ

ಅಮ್ಮನ ಮನೆಗೆ ಹೋಗಿದ್ದೆ. ಅಪ್ಪ ಸಭೆಯವರ ಮನೆ ಭೇಟಿಗೆ ಹೋಗಿದ್ದರು. ಸೋಯಾ ಸಾರು ಕುದಿದು ಕುದಿದು ಗಟ್ಟಿಯಾಗಿತ್ತು, ಅಮ್ಮ ಒಲೆ ಮುಂದೆಯೇ ನಿಂತಿದ್ದಾಳೆ, ನೋಡುತ್ತಿಲ್ಲ. ನಾನೇ ಒಲೆ ಆರಿಸಿದೆ.

"ಚಾನ್‌ಮಿ, ಅವನೀಗ ಎಲ್ಲಿದಾನೆ?"

ಅಪ್ಪ ಹೇಳುವ ಜಾಗವನ್ನು ನಾನು ನಂಬುವುದಿಲ್ಲ. ಬೇರೆ ಜಾಗ ನನ್ನ ಹತ್ತಿರವೂ ಇಲ್ಲ. "ಗೊತ್ತಿಲ್ಲಮ್ಮ" ಅಂದೆ.

"ಓದಿದವಳು ನೀನು."

"ಅಪ್ಪನ್ನ ಕೇಳಮ್ಮ."

"ಕೇಳಿದ್ರೆ ಹೇಳಿಬಿಡ್ತಾರೆ," ಅಂದಳು ಅಮ್ಮ.

ಆಮೇಲೆ ಪಾತ್ರೆ ತೊಳೆಯತೊಡಗಿದಳು. ತೊಳೆದಿದ್ದನ್ನೇ ಮತ್ತೆ ತೊಳೆದಳು. ಅಪ್ಪನ ಮೇಲೆ ನನಗೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.


ಫೆಬ್ರವರಿ 10, ಮಂಗಳವಾರ

ಅಮ್ಮ ಬೆಳಗ್ಗೆಯಿಂದ ಫೋನ್ ಎತ್ತಲಿಲ್ಲ. ಕಳೆದ ಮಂಗಳವಾರವೂ ಹೀಗೇ. ಸಂಜೆ ಹೋದೆ. ಕೋಟು ತೆಗೆದು ಕೊಟ್ಟಳು, ನೇತುಹಾಕಲು. ವಾಸನೆ ಬಂತು.

ಊದುಬತ್ತಿ.

ಅದರ ಗುರುತು ತಪ್ಪುವುದೇ ಇಲ್ಲ ನನಗೆ. ಶಾಲೆಯಿಂದ ಪಿಕ್‌ನಿಕ್ ಅಂತ ಬೌದ್ಧ ವಿಹಾರಗಳಿಗೆ ಕರೆದುಕೊಂಡು ಹೋದಾಗ ನಾನೂ ತಮ್ಮನೂ ಗೇಟಿನ ಹೊರಗೆ ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದೆವು. ಆ ಹೊಗೆ ಒಳಗೆ ಹೋದರೆ ಸೈತಾನನೂ ಒಳಗೆ ಹೋಗುತ್ತಾನೆ ಅಂತ ಕಲಿಸಿದ್ದವಳು ಅಮ್ಮನೇ.

"ಎಲ್ಲಿ ಹೋಗಿದ್ದೆ?"

"ಸುವಾರ್ತೆ ಸಾರೋಕೆ."

"ಎಲ್ಲಿ?"

"ಎಲ್ಲೋ ಒಂದ್ಕಡೆ. ಪೊಲೀಸರ ಥರ ಕೇಳ್ಬೇಡ."

ಕೋಟನ್ನು ಬಾಲ್ಕನಿಯಲ್ಲಿ ನೇತುಹಾಕಿದೆ. ಅಪ್ಪ ಬರುವಷ್ಟರಲ್ಲಿ ಗಾಳಿಗೆ ವಾಸನೆ ಹೋಗಲಿ ಅಂತ. ಅಮ್ಮ ನೋಡಿದಳು, ಬಾಲ್ಕನಿಯ ಕಿಟಕಿಯನ್ನು ಇನ್ನಷ್ಟು ತೆಗೆದಳು.


ಫೆಬ್ರವರಿ 17, ಮಂಗಳವಾರ. ಚಾಂದ್ರಮಾನ ಹೊಸ ವರ್ಷದ ಹಬ್ಬ

ಅಕ್ಕಿ ಕಡುಬಿನ ಸೂಪು ಅಪ್ಪನೇ ಬಿಸಿ ಮಾಡಿ ಬಡಿಸಿದರು. ಅಮ್ಮ ಮನೆಯಲ್ಲಿಲ್ಲ. "ವೃದ್ಧಾಶ್ರಮಕ್ಕೆ ಹೋಗಿದಾಳಂತೆ. ಹಬ್ಬದ ದಿನಾನಾ?" ಅಂತ ನನ್ನನ್ನು ಕೇಳಿದರು. ನಾನು ಸೂಪು ಕುಡಿದೆ.

ಪಕ್ಕದ ಮನೆಯಲ್ಲಿ ಸತ್ತವರಿಗೆ ಎಡೆ ಇಟ್ಟಿದ್ದರು, ಮೀನಿನ ವಾಸನೆ. ನಮ್ಮಲ್ಲಿ ಅದೆಲ್ಲ ಇಲ್ಲ. ತಮ್ಮನ ಹೆಸರು ಎತ್ತದೆ ಎರಡು ನಿಮಿಷದ ಪ್ರಾರ್ಥನೆ. ಅವನ ಖುರ್ಚಿಯ ಮೇಲೆ ಅಪ್ಪ ಸಭೆಯ ಪತ್ರಿಕೆಗಳ ಕಟ್ಟು ಇಟ್ಟಿದ್ದರು. ಖಾಲಿ ಕಾಣಬಾರದು ಅಂತಲೋ ಏನೋ.

ಮಧ್ಯಾಹ್ನ ಅಮ್ಮ ಬಂದಳು. ಅಪ್ಪ ಮಲಗಿದ ಮೇಲೆ ಅಡುಗೆಮನೆಯಲ್ಲಿ, ಈರುಳ್ಳಿ ಕೇಳುವ ಹಾಗೆ ಕೇಳಿದಳು — "ಬರೋ ಮಂಗಳವಾರ ಕಾರು ತರ್ತೀಯಾ? ಎರಡು ಬಸ್ ಬದಲಾಯಿಸ್ಬೇಕು. ಮಂಡಿ ಕೇಳ್ತಿಲ್ಲ."

"ವಿಹಾರಕ್ಕಾ?"

"ನಲವತ್ತೊಂಬತ್ತು ದಿನ ಸತ್ತವರು ದಾರೀಲಿರ್ತಾರಂತೆ. ಏಳು ದಿನಕ್ಕೊಂದು ಸಲ ಕೇಳ್ಕೊಂಡ್ರೆ ಒಳ್ಳೇ ಕಡೆ ಕಳಿಸ್ತಾರಂತೆ. ಎಂಥೋರನ್ನೂ." ಆಮೇಲೆ ಮೆಲ್ಲಗೆ, "ಎಂಥೋರನ್ನೂನಾ ಅಂತ ಎರಡು ಸಲ ಕೇಳಿದೆ."

ಪಾಸ್ಟರ್ ಹೆಂಡತಿ. ಮೂವತ್ತೈದು ವರ್ಷದಿಂದ ನಸುಕಿನ ಪ್ರಾರ್ಥನೆ ಒಂದು ದಿನವೂ ತಪ್ಪಿಸಿದವಳಲ್ಲ.

ತರ್ತೀನಿ ಅಂದೆ.


ಫೆಬ್ರವರಿ 24, ಮಂಗಳವಾರ

ಗುನ್‌ಸಾನ್ ನಗರ ದಾಟಿ, ಕಡಲಂಚಿನ ಕೆಸರು ಬಯಲು ಮುಗಿದ ಮೇಲೆ ಒಂದು ದಿಬ್ಬ. ಚಿಕ್ಕ ವಿಹಾರ, ಒಬ್ಬರೇ ಭಿಕ್ಷುಣಿ, ಒಂದು ಕುಂಟು ನಾಯಿ. ಕಾರಿನಲ್ಲೇ ಕೂತಿರುತ್ತೇನೆ ಅಂದುಕೊಂಡಿದ್ದೆ. ಚಳಿ ತಡೆಯಲಾಗದೆ ಇಳಿದೆ. ಬಾಗಿಲ ಹತ್ತಿರ ಹೋಗುವಾಗ ಉಸಿರು ಹಿಡಿದುಕೊಂಡಿದ್ದೆ — ಗೊತ್ತೇ ಆಗಲಿಲ್ಲ. ಮೂವತ್ತಾರು ವರ್ಷದವಳು. ನಗು ಬಂತು, ನಾಚಿಕೆಯೂ.

ಅಮ್ಮನಿಗೆ ನಮಸ್ಕಾರ ಮಾಡಲು ಬರುವುದಿಲ್ಲ. ಮಂಡಿಯೂರಿ, ಬೆರಳು ಹೆಣೆದು, ಸಭೆಯಲ್ಲಿ ಕೂತ ಹಾಗೇ ಕೂತಿದ್ದಳು. ಮಂತ್ರ ಮುಗಿದದ್ದೇ ತಡ, ಜೋರಾಗಿ, "ಆಮೆನ್."

ಹೇಳಿದ ಮೇಲೆ ಬಾಯಿಗೆ ಕೈ ಇಟ್ಟುಕೊಂಡಳು. ಭಿಕ್ಷುಣಿ ತಿರುಗಿ ನೋಡಿ, "ಇರಲಿ ಬಿಡಿ. ಮಗನಿಗೆ ಗುರುತಾಗಿರುತ್ತೆ, ಅಮ್ಮ ಬಂದಿದಾರೆ ಅಂತ," ಅಂದರು.

ಆಮೇಲೆ ನನ್ನ ಕಡೆ — "ನೀವು ಬಗ್ಗಲ್ವಾ?"

"ನನಗೆ ನಂಬಿಕೆ ಇಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ."

"ಹಾಗಾದ್ರೆ ಆ ಕಡೆ ಬಿಸಿಲಿದೆ, ಕೂತ್ಕೊಳ್ಳಿ. ನಾಯಿ ಏನೂ ಮಾಡಲ್ಲ."

ಕೂತೆ. ಒಳಗೆ ಅವರು ಅಮ್ಮನನ್ನು ಮಾತಾಡಿಸುತ್ತಿದ್ದುದು ಕೇಳಿಸುತ್ತಿತ್ತು. ಮಗನಿಗೆ ಏನಿಷ್ಟ, ಏನು ಕೆಲಸ ಮಾಡುತ್ತಿದ್ದ, ಹೇಗೆ ಹೋದ. ಅಮ್ಮ ಹೇಳಿದಳು. "ತಾನೇ ಪ್ರಾಣ ತಗೊಂಡ. ನನಗೆ ಗೊತ್ತಾಗಲಿಲ್ಲ. ಹಿಂದಿನ ದಿನ ಮನೇಗೆ ಬಂದು ಊಟ ಮಾಡಿ ಹೋದ. ಚೆನ್ನಾಗಿದೆ ಅಂದ."

ಆ ಮಾತನ್ನು ಯಾರಾದರೂ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ನಾನು ಬಿಸಿಲಲ್ಲಿ ಕೂತು ಅತ್ತೆ. ಸಾವಿನ ಮನೆಯಲ್ಲಿ ಅಳು ಬಂದಿರಲಿಲ್ಲ. ಅಲ್ಲಿ ಅಳುತ್ತಿದ್ದವರೆಲ್ಲ ಬೇರೆ ಯಾರಿಗೋ ಅಳುತ್ತಿದ್ದರು, ನಿದ್ದೆಯಲ್ಲಿ ಸತ್ತ ಯಾರೋ ಒಬ್ಬನಿಗೆ.

ಬುದ್ಧನ ಮೇಲೆ ನಂಬಿಕೆ ಹುಟ್ಟಿತು ಅಂತಲ್ಲ. ನಿಜ ಹೇಳಿದರೂ ಬಾಗಿಲು ಹಾಕದ ಜಾಗ ಒಂದಿದೆ ಅಂತ ಗೊತ್ತಾಯಿತು. ಅಷ್ಟೆ. ಅಷ್ಟೇ ಸಾಕೇನೋ…


ಫೆಬ್ರವರಿ 27

ಬೆಳಗ್ಗೆ ಮಕ್ಕಳು ಬರುವ ಮುಂಚೆ ಈಸ್ಟರ್ ಕೀರ್ತನೆಯ ಟೆನರ್ ಸಾಲನ್ನಷ್ಟೇ ನುಡಿಸಿದೆ. ತಮ್ಮನ ಸಾಲು. ಮೇಲಿನ ರಾಗ ಇಲ್ಲದೆ ಅದೊಂದೇ ಕೇಳಿದರೆ ಹಾಡು ಯಾವುದು ಅಂತಲೇ ತಿಳಿಯುವುದಿಲ್ಲ.

ನಾಳೆಯೂ ನುಡಿಸುತ್ತೇನೆ. ಇದು ಪ್ರಾರ್ಥನೆಯಾ? ಯಾರಿಗೆ? ಕೇಳಿಕೊಳ್ಳುವುದಿಲ್ಲ.


ಮಾರ್ಚ್ 3, ಮಂಗಳವಾರ

ಕೊನೆಯ ದಿನ, ನಲವತ್ತೊಂಬತ್ತನೆಯದು. ಸತ್ತವರ ಬಟ್ಟೆ ಸುಟ್ಟು ಕಳಿಸಿಕೊಡುತ್ತಾರೆ. ಅಮ್ಮ ಒಂದು ಚೀಲ ತಂದಿದ್ದಳು. ಜೀನ್ಸ್, ಬೂದು ಸ್ವೆಟರ್, ಕಾಲುಚೀಲ. ಅಡಿಯಲ್ಲಿ ಕೆಂಪು ಬಣ್ಣದ್ದೇನೋ. ಎಳೆದು ನೋಡಿದೆ — ಕ್ವಾಯರ್ ಗೌನು. ಬಿಳಿ ಕಾಲರ್ ಸಮೇತ.

"ಅಮ್ಮಾ, ಇದು ಸಭೇದು."

"ಗೊತ್ತು. ಬೀರುವಿನಿಂದ ತಗೊಂಡು ಬಂದೆ."

"ಬಾಂಗ್ ಅಮ್ಮನವರು ಬಿಡ್ತಾರಾ? ಗುಂಡಿ ಕಿತ್ರೂ ಗೊತ್ತಾಗುತ್ತೆ ಅವ್ರಿಗೆ."

"ಹೋಗೋ ಕಡೆ ಒಳ್ಳೇ ಬಟ್ಟೆ ಬೇಡ್ವಾ? ಇದ್ರಲ್ಲೇ ಅವನು ಚೆನ್ನಾಗಿ ಕಾಣ್ತಿದ್ದ."

ಭಿಕ್ಷುಣಿ ಗೌನನ್ನು ನೋಡಿದರು, ಅಮ್ಮನನ್ನು ನೋಡಿದರು. ಈ ಹೆಂಗಸು ಯಾರು ಅಂತ ಆಗಲೇ ಗೊತ್ತಾಗಿರಬೇಕು. ಬೆಂಕಿಯ ಮುಂದಿನಿಂದ ಸರಿದು ಜಾಗ ಬಿಟ್ಟರು.

ಪಾಲಿಯೆಸ್ಟರ್. ಉರಿಯಲಿಲ್ಲ, ಕರಗಿತು. ಕಪ್ಪು ಹೊಗೆ, ಕೆಟ್ಟ ನಾತ. ನಾಯಿ ಎದ್ದು ಹೋಯಿತು. ಅಮ್ಮ ಮಾತ್ರ ಹೊಗೆಗೆ ಮುಖ ಕೊಟ್ಟು ನಿಂತಿದ್ದಳು. ಬಾಯಲ್ಲಿ ಈಸ್ಟರ್ ಕೀರ್ತನೆ ಗುನುಗುತ್ತಿದ್ದಳು. ನಾನು ಟೆನರ್ ಸಾಲು ಸೇರಿಸಿದೆ.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ ನಿದ್ದೆ ಹೋದಳು. ಬಾಯಿ ತೆರೆದುಕೊಂಡು, ಗೊರಕೆ. ಮನೆಗೆ ಬಂದು ಒಂದು ಬಟ್ಟಲು ಅನ್ನ ಪೂರ್ತಿ ಉಂಡಳು. ಜನವರಿಯಿಂದ ಇದೇ ಮೊದಲು.


ಮಾರ್ಚ್ 22, ಭಾನುವಾರ

ಈಸ್ಟರ್‌ಗೆ ಇನ್ನೆರಡು ವಾರ. ಆರಾಧನೆ ಮುಗಿದ ಮೇಲೆ ಬಾಂಗ್ ಅಮ್ಮನವರು ಬೀರು ತೆಗೆಸಿ ಗೌನು ಎಣಿಸಿದರು. ಟೆನರ್ ಸಾಲಿನಲ್ಲಿ ಒಂದು ಕಮ್ಮಿ.

"ಯಾರದ್ದು?"

"ಹಾನ್‌ಗ್ಯೊಲ್‌ದು," ಅಂದರು ಯಾರೋ.

ಬಾಂಗ್ ಅಮ್ಮನವರು ಹ್ಯಾಂಗರ್‌ಗಳನ್ನು ಮತ್ತೊಮ್ಮೆ ಸರಿಸಿ ನೋಡಿದರು. "ಕ್ರಿಸ್‌ಮಸ್ ಆದ್ಮೇಲೆ ಲಾಂಡ್ರಿಗೆ ಕೊಟ್ಟಿದ್ದು. ಆ ನಾಮ್ ಮುದುಕಪ್ಪ ಕಳೆದಿರ್ತಾನೆ. ಕಣ್ಣು ಕಾಣಲ್ಲ, ಬಾಯಿ ಮಾತ್ರ ಜೋರು."

ಲಾಂಡ್ರಿಯ ನಾಮ್ ತಾತ ಹಿಂದಿನ ಬೆಂಚಿನಲ್ಲೇ ಕೂತಿದ್ದರು. ನಮ್ಮ ಸಭೆಯವರೇ. ಗೌನುಗಳನ್ನು ಪುಕ್ಕಟೆ ಒಗೆದು ಕೊಡುವವರು. "ಎಲ್ಲಾ ಲೆಕ್ಕ ಹಾಕಿ ಕೊಟ್ನಲ್ಲಮ್ಮ…" ಅಂತ ಎದ್ದು ನಿಂತರು. ಬೆರಳು ಮಡಿಸಿ ಮತ್ತೆ ಲೆಕ್ಕ ಹಾಕತೊಡಗಿದರು.

ಅಮ್ಮನ ಮುಖ ನೋಡಿದೆ. ಹೇಳಬೇಡ ಅಂತ ತಲೆ ಆಡಿಸಿದೆ. ಅಮ್ಮ ನೆಲ ನೋಡುತ್ತಿದ್ದಳು.


ಮಾರ್ಚ್ 25, ಬುಧವಾರ

ಹೇಳಿಬಿಟ್ಟಳು.

ಸಂಜೆಯ ಕೂಟಕ್ಕೆ ಮುಂಚೆ ಸಭೆಯ ಅಡುಗೆಮನೆಯಲ್ಲಿ ಹೆಂಗಸರೆಲ್ಲ ಶ್ಯಾವಿಗೆ ಬೇಯಿಸುತ್ತಿದ್ದರು. ನಾಮ್ ತಾತ ಮೂರು ದಿನದಿಂದ ಅಂಗಡಿಯನ್ನೆಲ್ಲ ಕೆದಕಿ ಹುಡುಕುತ್ತಿದ್ದಾರೆ ಅಂತ ಯಾರೋ ನಕ್ಕರು. ಅಮ್ಮ ಸೌಟು ಕೆಳಗಿಟ್ಟಳು.

"ಅವರ ಕೈಲಿ ಹುಡುಕಿಸ್ಬೇಡಿ. ಗೌನು ನಾನು ಸುಟ್ಟೆ. ವಿಹಾರದಲ್ಲಿ. ಹಾನ್‌ಗ್ಯೊಲ್‌ನ ಕಳಿಸಿಕೊಟ್ಟಾಗ."

ಶ್ಯಾವಿಗೆ ನೀರು ಉಕ್ಕಿ ಒಲೆ ಆರಿತು. ಯಾರೂ ಕೈ ಚಾಚಲಿಲ್ಲ. ಬಾಂಗ್ ಅಮ್ಮನವರು, "ಪಾಸ್ಟರಮ್ಮಾ, ನಿಮಗೆ ಮೈ ಸರಿ ಇಲ್ಲ," ಅಂದರು. ತಪ್ಪಿಸಿಕೊಳ್ಳಲು ದಾರಿ ಬಿಟ್ಟುಕೊಡುವ ದನಿಯೇ ಅದು. ಅಮ್ಮ ಅದನ್ನು ಹಿಡಿದುಕೊಳ್ಳಬಹುದಿತ್ತು.

"ಮೈ ಸರಿಯಾಗೇ ಇದೆ," ಅಂದಳು.

ಕೂಟದಲ್ಲಿ ಅಪ್ಪನ ದನಿ ಎಂದಿನಂತೆಯೇ ಇತ್ತು. ಬೈಬಲಿನ ಒಂದು ವಚನವನ್ನು ಎರಡು ಸಲ ಓದಿದರು, ಅಷ್ಟೆ.


ಮಾರ್ಚ್ 27, ಶುಕ್ರವಾರ

ಅಪ್ಪ ನನ್ನನ್ನು ಪೀಠದ ಪಕ್ಕದ ಪಾಸ್ಟರ್ ಕೋಣೆಗೆ ಕರೆಸಿದರು. ಸಭೆಯ ಹಿರಿಯರು ಸೇರಿ ತೀರ್ಮಾನಿಸಿದ್ದಾರೆ. ಈಸ್ಟರ್ ನಸುಕಿನ ಆರಾಧನೆಯಲ್ಲಿ ಅಮ್ಮ ಎಲ್ಲರೆದುರು ನಿಂತು ಪಶ್ಚಾತ್ತಾಪ ಹೇಳಬೇಕು: ದುಃಖದಲ್ಲಿ ಬುದ್ಧಿ ಕೆಟ್ಟು ವಿಗ್ರಹಕ್ಕೆ ಬಾಗಿದೆ, ಮಾಡಿದ್ದೆಲ್ಲ ವ್ಯರ್ಥ, ಕ್ಷಮಿಸಿ. ಇಲ್ಲವಾದರೆ ಅಪ್ಪ ಸಭೆ ಬಿಡಬೇಕು.

"ನೀನು ಹಿಂದೆ ಮೆತ್ತಗೆ ನುಡಿಸ್ತಿರು. ಅವಳಿಗೆ ಧೈರ್ಯ ಇರುತ್ತೆ."

"ಅಪ್ಪಾ, ಹಾನ್‌ಗ್ಯೊಲ್ ಎಲ್ಲಿದಾನೆ?"

ಕನ್ನಡಕ ತೆಗೆದು ಒರೆಸಿದರು. ಕಣ್ಣ ಕೆಳಗೆ ಚರ್ಮ ಜೋತುಬಿದ್ದಿದೆ. ಯಾವಾಗ ಇಷ್ಟು ಮುದುಕರಾದರೋ.

"ಜೀವನ ಪೂರ್ತಿ ಒಂದು ಮಾತು ಬೋಧಿಸಿದೀನಿ. ಎಷ್ಟು ತಾಯಂದಿರು ಅದನ್ನ ಕೇಳಿಸ್ಕೊಂಡು ಮನೆಗೆ ಹೋಗಿದಾರೋ. ಈಗ ನನ್ನ ಮಗ ಅಂತ ಬದಲಾಯಿಸ್ಲಾ?"

"ಮತ್ತೆ ಹೃದಯ ನಿಂತಿತು ಅಂತ ಯಾಕೆ ಹೇಳಿದ್ರಿ?"

"ಜನರ ಬಾಯಲ್ಲಾದ್ರೂ ಅವನು ಒಳಗಿರ್ಲಿ ಅಂತ."

ಬೈಯಬೇಕು ಅಂತ ಹೋಗಿದ್ದೆ. ಬೈಯಲಾಗಲಿಲ್ಲ. ಮೆಟ್ಟಿಲಿಳಿದು ಬಂದೆ. ತಾವೇ ಹಾಕಿದ ಬಾಗಿಲ ಹೊರಗೆ ಈ ಮನುಷ್ಯನೂ ನಿಂತಿದ್ದಾರೆ, ಒಬ್ಬರೇ.


ಮಾರ್ಚ್ 31, ಮಂಗಳವಾರ

"ಹೇಳಿಬಿಡ್ತೀನಿ," ಅಂದಳು ಅಮ್ಮ. "ನಾಚಿಕೆ ಏನು ಬಂತು ಇನ್ನು. ಈ ವಯಸ್ಸಲ್ಲಿ ಅವರು ಸಭೆ ಬಿಟ್ಟು ಎಲ್ಲಿಗೆ ಹೋಗ್ತಾರೆ."

ಆಮೇಲೆ ಬಟ್ಟೆ ಮಡಿಸುತ್ತಾ —

"ಚಾನ್‌ಮಿ. ಮಾಡಿದ್ದೆಲ್ಲ ವ್ಯರ್ಥ ಅಂತ ನನ್ನ ಬಾಯಲ್ಲೇ ಅಂದ್ರೆ… ಅಲ್ಲಿ ಮಾಡಿದ್ದು ರದ್ದಾಗುತ್ತಾ? ಅವನು ಮತ್ತೆ ದಾರೀಲಿ ನಿಂತುಬಿಡ್ತಾನಾ?"

ಅದಾ ಇವಳ ಭಯ. ಇಷ್ಟು ದಿನ ನಿದ್ದೆಯಿಲ್ಲದೆ ಕೂತಿದ್ದು ಅದಕ್ಕಾ.

"ರದ್ದಾಗಲ್ಲಮ್ಮ."

"ಯಾರು ಹೇಳಿದ್ದು?"

"ನಾನು."

"ನೀನು ಯಾವುದನ್ನೂ ನಂಬಲ್ವಲ್ಲ."

ನಿಜ. ಆದರೆ ಇದನ್ನು ನಂಬುತ್ತೇನೆ. ತಾಯಿಯೊಬ್ಬಳು ಮಂಡಿನೋವಲ್ಲಿ ಎರಡು ಬಸ್ ಬದಲಾಯಿಸಿ ಹೋಗಿ ಕೇಳಿಕೊಂಡದ್ದನ್ನು ರದ್ದು ಮಾಡುವ ಅಧಿಕಾರ ಯಾವ ದೇವರಿಗೂ ಇಲ್ಲ. ಇರುವುದಾದರೆ ಅವನು ನನಗೆ ಬೇಡ. ಇದಿಷ್ಟೇ ನನ್ನ ಧರ್ಮ, ಒಂದು ಸಾಲಿನದು. ಒಂದು ಬಟ್ಟೆ ಎತ್ತಿಕೊಂಡು ನಾನೂ ಮಡಿಸತೊಡಗಿದೆ. ಅಮ್ಮ ಟವೆಲ್ ಮಡಿಸುತ್ತಲೇ ಇದ್ದಳು.


ಏಪ್ರಿಲ್ 5, ಭಾನುವಾರ. ಈಸ್ಟರ್

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮ ಪಕ್ಕದಲ್ಲಿದ್ದಾಳೆ. ಅಪ್ಪ ಇನ್ನೂ ಮೇಲೆ. ಎಲ್ಲರೂ ಹೋದರು, ಬಣ್ಣ ಬಳಿದ ಮೊಟ್ಟೆಗಳನ್ನೂ ಯಾರೂ ಒಯ್ಯಲಿಲ್ಲ. ಮರೆಯುವ ಮುಂಚೆ ಬರೆದುಬಿಡಬೇಕು.

ಸಭೆ ತುಂಬಿತ್ತು. ಕ್ವಾಯರ್ ಗೌನು ಹಾಕಿ ಕೂತಿತ್ತು. ಟೆನರ್ ಸಾಲಿನಲ್ಲಿ ಒಬ್ಬ ಹೊಸ ಹುಡುಗ ಗೌನಿಲ್ಲದೆ ಬಿಳಿ ಶರ್ಟಿನಲ್ಲಿ. ಅಪ್ಪ ಹೆಸರು ಕರೆದರು. ಅಮ್ಮ ಹಬ್ಬದ ಹಾನ್‌ಬೋಕ್ ಲಂಗ ಉಟ್ಟು ಬಂದಿದ್ದಳು, ಎದ್ದು ನಿಂತಳು. ನಾನು ಮೆತ್ತಗೆ ನುಡಿಸತೊಡಗಿದೆ.

"ಗೌನು ಸಭೇದು. ಕೇಳದೆ ತಗೊಂಡೆ, ತಪ್ಪಾಯ್ತು. ನಾಮ್ ತಾತಾ, ನಿಮ್ಮ ಮೇಲೆ ಅನುಮಾನ ಬರೋ ಹಾಗೆ ಮಾಡಿದೆ, ಅದು ಇನ್ನೂ ದೊಡ್ಡ ತಪ್ಪು."

ನಿಲ್ಲಿಸಿದಳು. ಹಿರಿಯರೊಬ್ಬರು ಕೆಮ್ಮಿ, "ಮುಂದಕ್ಕೆ, ಪಾಸ್ಟರಮ್ಮ," ಅಂದರು.

"ಮುಂದಕ್ಕೆ ಏನಿಲ್ಲ." ಆಮೇಲೆ ಅಪ್ಪನ ಕಡೆ ತಿರುಗಿದಳು. ಸಭೆಯಲ್ಲಿ ಕರೆಯುವ ಹಾಗೇ ಕರೆದಳು. "ಪಾಸ್ಟರೇ. ನನ್ನ ಮಗ ನಿದ್ದೆಯಲ್ಲಿ ಹೋಗ್ಲಿಲ್ಲ. ತನ್ನ ಪ್ರಾಣ ತಾನೇ ತಗೊಂಡ. ಅವನೀಗ ಎಲ್ಲಿದಾನೆ? ಇವತ್ತು ಹೇಳಿಬಿಡಿ."

ಯಾರೋ ಅಯ್ಯೋ ಅಂದರು. ಅಪ್ಪನ ಮುಖ ನನಗೆ ಕಾಣುವುದಿಲ್ಲ, ಪಿಯಾನೊ ಗೋಡೆ ಕಡೆಗಿದೆ. ಮೈಕಿನಲ್ಲಿ ಉಸಿರು ಕೇಳಿಸಿತು. ಬಾಯಿ ತೆರೆದ ಸದ್ದು.

ಹೇಳಿಬಿಡುತ್ತಾರೆ ಅನ್ನಿಸಿತು. ಅದೇ ಮಾತು, ಆ ಬಾಗಿಲಿನ ಮಾತು, ಎಲ್ಲರೆದುರು, ಅಮ್ಮನ ಮುಖಕ್ಕೆ. ತಡೆಯಲಾಗಲಿಲ್ಲ. ಎರಡೂ ಕೈ ಎತ್ತಿ ಈಸ್ಟರ್ ಕೀರ್ತನೆ ಬಡಿದೆ. ಮೈಯೆಲ್ಲ ಭಾರ ಹಾಕಿ. ಕ್ವಾಯರ್ ಅಭ್ಯಾಸಬಲದಿಂದ ಎದ್ದು ಹಾಡತೊಡಗಿತು, ಬಾಂಗ್ ಅಮ್ಮನವರೂ, ಹಿರಿಯರೂ. ಅಪ್ಪ ಏನಂದರೋ ಯಾರಿಗೂ ಕೇಳಿಸಲಿಲ್ಲ. ನಾಲ್ಕು ಚರಣವೂ ಮುಗಿಯುವವರೆಗೆ ನುಡಿಸಿದೆ. ತಿರುಗಿ ನೋಡಿದಾಗ ಪೀಠದಲ್ಲಿ ಅವರು ಇರಲಿಲ್ಲ. ಕೋಣೆಯ ಬಾಗಿಲು ಹಾಕಿತ್ತು.

ಗೆದ್ದೆ ಅಂದುಕೊಂಡಿದ್ದೆ.

ಈಗ ಕಾರಿನಲ್ಲಿ ಅಮ್ಮ ಕೇಳಿದಳು, "ಯಾಕೆ ನುಡಿಸಿದೆ?"

"ನಿನಗೆ ಕೇಳಿಸ್ಬಾರ್ದು ಅಂತ."

"ನಾನು ಎದುರಿಗೇ ನಿಂತಿದ್ನಲ್ಲ. ತುಟಿ ನೋಡಿದೆ."

"ಏನಂದ್ರು?"

ಅಮ್ಮ ಮಡಿಲಲ್ಲಿದ್ದ ಕೈ ನೋಡಿಕೊಂಡಳು. "ಗೊತ್ತಿಲ್ಲ ಅಂದ್ರು. ಎರಡು ಸಲ. ನನಗೆ ಗೊತ್ತಿಲ್ಲ, ನನಗೆ ಗೊತ್ತಿಲ್ಲ ಅಂತ."

ಅಪ್ಪ ಗೊತ್ತಿಲ್ಲ ಅಂದದ್ದು ಜೀವನದಲ್ಲಿ ಮೊದಲ ಸಲ. ಆ ಪೀಠದಲ್ಲಿ ನಿಂತು, ಅಷ್ಟು ಜನರೆದುರು. ಅದನ್ನು ನಾನು ಹಾಡಿನಲ್ಲಿ ಮುಳುಗಿಸಿಬಿಟ್ಟೆ. ಆ ಬೆಂಚುಗಳಲ್ಲಿ ಕೂತ ತಾಯಂದಿರಲ್ಲಿ ಇನ್ನೆಷ್ಟು ಜನ ಅದನ್ನು ಕೇಳಿಸಿಕೊಂಡು ಮನೆಗೆ ಹೋಗಬಹುದಿತ್ತು.

"ಗೊತ್ತಿಲ್ಲ ಅಂದ್ರೆ ಮುಚ್ಚಿದೆ ಅಂತ ಅಲ್ವಲ್ಲ," ಅಂದಳು ಅಮ್ಮ.

"ಅಲ್ಲಮ್ಮ."

ಆದರೆ ಕಂಡದ್ದು ಅಮ್ಮನ ಕಣ್ಣಿಗೆ ಮಾತ್ರ. ಅವಳಿಗೆ ಬೇಕಾದ್ದನ್ನೇ ಅವಳು ಕಂಡಳಾ? ನಾನು ಅವರ ಬಾಯಿಂದ ಕೇಳಬೇಕು. ಫೋನ್ ಎತ್ತುತ್ತಿಲ್ಲ. ಮೇಲಿನ ದೀಪ ಈಗ ಆರಿತು. ಮೆಟ್ಟಿಲಲ್ಲಿ ಹೆಜ್ಜೆ. ಅಮ್ಮ ಹಿಂದಿನ ಸೀಟಿನ ಚೀಲ ಸರಿಸಿ ಜಾಗ ಮಾಡುತ್ತಿದ್ದಾಳೆ. ಬರುತ್ತಿದ್ದಾರೆ, ಬೈಬಲ್ ಕೈಯಲ್ಲಿಲ್ಲ. ಬಾಗಿಲು ತೆಗೆದ ತಕ್ಷಣ ಕೇಳುತ್ತೇನೆ — ಅಪ್ಪಾ, ನೀವು ನಿಜವಾಗಿ ಗೊತ್ತಿಲ್ಲ ಅಂತ —